ಹವಾಯಿ ಚಪ್ಪಲಿಯ ಬಂಡೆಗಾಡಿ

ತೆರಕಣಾಂಬಿಯ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮಳಿಗೆ. ನಡುವೆ ಹಲಗೆಯ ಅಡ್ಡಗೋಡೆ. ಈ ಕಡೆ ನನ್ನ ಹೊಲಿಗೆ ಅಂಗಡಿ, ಆ ಕಡೆ ಪುಟ್ಟಮಾದುವಿನ ರೇಡಿಯೋ ರಿಪೇರಿ. ಟೈಲರ್ ಶಿವಮಲ್ಲಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಊರಿನವರು ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ ಬಿಡಿ. ಹಲಗೆಯ ಆ ಕಡೆ ಪುಟ್ಟಮಾದುವನ್ನು ಕೂರಿಸಿಕೊಂಡು ಅವರೂ ನನ್ನಷ್ಟು ವರ್ಷ ಬಾಳಿ ತೋರಿಸಲಿ, ಆಮೇಲೆ ಮಾತಾಡೋಣ.

ಪುಟ್ಟಮಾದುವಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದದ್ದು ಒಂದೇ ಚಾಳಿ, ‘ಯಾಕೆ’ ಅಂತ ಕೇಳುವುದು. ನನ್ನ ಮಿಷನ್ನಿನ ಬೆಲ್ಟು ಕಳಚಿದರೆ ಬೇರೆ ಯಾರೇ ಆದರೂ ಎತ್ತಿ ಹಾಕಿ ಹೋಗುತ್ತಾರೆ. ಇವನು ಮಾತ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದು ಯಾವಾಗಲೂ ಎಡಕ್ಕೇ ಯಾಕೆ ಕಳಚುತ್ತದೆ ಅಂತ ಯೋಚಿಸುತ್ತಿದ್ದ. ಅಷ್ಟರಲ್ಲಿ ಗಿರಾಕಿ ಬಂದು ಜಾಕೀಟು ಕೇಳುತ್ತಿದ್ದರು. ಬೆಳಗ್ಗೆ ರಿಪೇರಿಯಾದ ರೇಡಿಯೋವನ್ನು ಸಂಜೆಯ ತನಕ ಕೊಡುತ್ತಿರಲಿಲ್ಲ. ಹಾಡುತ್ತಿದೆಯಲ್ಲ, ಕೊಟ್ಟು ಕಳಿಸೋ ಅಂದರೆ, ‘ಆಡ್ತದೆ ಕಣಣ್ಣ, ಆದ್ರೆ ನೆನ್ನೆ ಯಾಕೆ ಆಡ್ನಿಲ್ಲ ಅಂತ ಗೊತ್ತಾಗ್ಬೇಕಲ್ಲ’ ಅನ್ನುತ್ತಿದ್ದ. ಕೇಳಿ ನನ್ನ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತೈದನೇ ಇಸವಿ ಇರಬೇಕು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಮೈಸೂರಿಗೇ ಸೇರಿದ್ದೆವು. ಗುಂಡ್ಲುಪೇಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ, ಕೇರಳದ ಬತ್ತೇರಿಯ ಚೇಟ ಒಬ್ಬ ಒಂದು ದಿನ ಪುಟ್ಟಮಾದುವಿನ ಅಂಗಡಿಗೆ ಬಂದ. ಅವನ ತಮ್ಮ ಗಲ್ಫಿನಿಂದ ತಂದಿದ್ದ ಆಟದ ಕಾರು ಕೈಯಲ್ಲಿತ್ತು. ಗುಂಡಿ ಒತ್ತುವ ಡಬ್ಬಿ ಬೇರೆ, ಕಾರು ಬೇರೆ, ನಡುವೆ ತಂತಿಯೇ ಇಲ್ಲ. ‘ಶರಿಯಾಕುಮೋ?’ ಅಂತ, ಸರಿಹೋಗುತ್ತದಾ ಅಂತ ಮಲಯಾಳದಲ್ಲಿ ಕೇಳಿ, ಇಟ್ಟು ಹೋದ. ಪುಟ್ಟಮಾದು ಮಾರನೇ ದಿನವೇ ಸರಿ ಮಾಡಿದ. ಚೇಟ ಮಾತ್ರ ಬರಲೇ ಇಲ್ಲ. ಶುಂಠಿ ಕಿತ್ತು ಲಾರಿಗೆ ತುಂಬಿಕೊಂಡು ಬತ್ತೇರಿಗೆ ಹೋದವನು ಆ ಕಾರನ್ನು ಮರೆತೇಬಿಟ್ಟ. ಮುಂದಿನ ಶುಂಠಿ ಕಾಲದವರೆಗೂ ಕಾದು, ಆಮೇಲೆ ಪುಟ್ಟಮಾದು ಅದನ್ನು ಬೀದಿಗೆ ಇಳಿಸಿದ.

ಸಿಮೆಂಟಿನ ಮೇಲೆ ಅದು ಹುಚ್ಚು ಹಿಡಿದವರ ಹಾಗೆ ಓಡಿತು. ಬಸ್ ಸ್ಟ್ಯಾಂಡಿನ ಜಲ್ಲಿಕಲ್ಲಿಗೆ ಬಂದದ್ದೇ ತಡ, ಮಗುಚಿ ಬಿತ್ತು. ಎತ್ತಿ ಬಿಟ್ಟ, ಮತ್ತೆ ಮಗುಚಿತು.

‘ಇದ್ಯಾಕಣ್ಣ ಕಲ್ಲು ಅತ್ತಕಿಲ್ಲ?’

‘ಮಕ್ಕಳು ಆಡೋ ಸಾಮಾನು ಕಣ್ಲಾ ಅದು. ಕಲ್ಲು ಹತ್ತಲಿ ಅಂತ ಮಾಡಿದ್ದಾರಾ?’

‘ಅತ್ತೋ ಅಂಗೆ ಮಾಡುದ್ರೆ?’

ಅಲ್ಲಿಗೆ ಶುರುವಾಯಿತು ನೋಡಿ. ರೇಡಿಯೋ ರಿಪೇರಿ ಮೂಲೆಗೆ ಹೋಯಿತು. ನನ್ನ ಕತ್ತರಿ, ನನ್ನ ಎಣ್ಣೆಡಬ್ಬಿ, ಇಸ್ತ್ರಿಪೆಟ್ಟಿಗೆಯ ಒಂದು ಬೋಲ್ಟು ಎಲ್ಲಾ ಹಲಗೆ ದಾಟಿ ಆ ಕಡೆ ಹೋದವು. ಬೈದೆ, ಜಗಳವಾಡಿದೆ. ಆದರೆ ಕೆಲಸ ಮುಗಿಸಿ ಬಾಗಿಲು ಹಾಕುವ ಮೊದಲು ಒಂದು ಸಲ ಹಲಗೆಯ ಮೇಲಿಂದ ಇಣುಕಿ, ಇವತ್ತು ಎಲ್ಲಿಗೆ ಬಂತು ಅಂತ ನೋಡದೆ ಹೋಗಲು ನನಗೂ ಮನಸ್ಸು ಬರುತ್ತಿರಲಿಲ್ಲ.

ಜೋರು ಕೊಟ್ಟರೆ ಹತ್ತಬಹುದು ಅಂತ ನಾನೇ ಒಂದು ಸಲಹೆ ಕೊಟ್ಟೆ. ಇನ್ನೆರಡು ಸೆಲ್ ಸೇರಿಸಿ ಬಿಟ್ಟ. ಅದು ಹಾರಿ ಬಂದು ನನ್ನ ಗಾಜಿನ ಬೀರುವಿಗೆ ಬಡಿಯಿತು. ಅವನಿಗೆ ಆಗ ಹೊಳೆದದ್ದು ಇದು: ಕಲ್ಲು ಹತ್ತಬೇಕಾದರೆ ಜೋರಲ್ಲ, ನಿಧಾನ ಬೇಕು. ಬರೀ ನಿಧಾನ ಸಾಲದು, ನಿಧಾನದಲ್ಲಿ ಶಕ್ತಿ ಇರಬೇಕು. ಅದಕ್ಕೆ ಅವನು ದಾರಿ ಕಂಡುಕೊಂಡದ್ದು ಟೇಬಲ್ ಫ್ಯಾನಿನಲ್ಲಿ. ಫ್ಯಾನಿನ ರೆಕ್ಕೆ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ, ಅದರ ಕತ್ತು ಮಾತ್ರ ಮದುವೆ ಮನೆಯ ಹಿರಿಯರ ಹಾಗೆ ನಿಧಾನಕ್ಕೆ ಆ ಕಡೆ ಈ ಕಡೆ ಹೊರಳುತ್ತದೆ. ಎರಡಕ್ಕೂ ಮೋಟಾರು ಒಂದೇ. ಯಾಕೆ? ಬಿಚ್ಚಿ ನೋಡಿದ. ಕತ್ತಿನೊಳಗೆ ಹಲ್ಲುಚಕ್ರಗಳ ಒಂದು ಡಬ್ಬಿ ಇತ್ತು. ಚಾಮರಾಜನಗರದ ಗುಜರಿಯಿಂದ ಅಂಥ ಎರಡು ಕತ್ತುಗಳನ್ನು ಹುಡುಕಿ ತಂದ. ಅವನ್ನು ಟೇಪ್ ರೆಕಾರ್ಡರಿನ ಮೋಟಾರಿಗೆ ಜೋಡಿಸಿದ ಮೇಲೆ ಗಾಡಿ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನಾನು ಅಂಗಿಗೆ ಕಾಜ ಹೊಲಿದು ಮುಗಿಸುತ್ತಿದ್ದೆ. ಆದರೆ ಚಕ್ರವನ್ನು ಬೆರಳಲ್ಲಿ ಒತ್ತಿ ಹಿಡಿದರೂ ಅದು ನಿಲ್ಲುತ್ತಿರಲಿಲ್ಲ.

ಆಮೇಲೆ ಇನ್ನೊಂದು ತೊಡಕು. ಒಂದು ಚಕ್ರ ಕಲ್ಲಿನ ಮೇಲೇರಿದರೆ ಇನ್ನೊಂದು ಗಾಳಿಯಲ್ಲಿ ತೇಲುತ್ತಿತ್ತು. ಗುಂಡ್ಲುಪೇಟೆಯಲ್ಲಿ ಬಂಡೀಪುರದ ಫಾರೆಸ್ಟ್ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಇಡೀ ದಿನ ಜೀಪಿನ ಹೊಟ್ಟೆಯ ಕೆಳಗೆ ಮಲಗಿ ಬಂದ. ಬಂದವನು ಎಡಗಡೆಯ ಎರಡು ಚಕ್ರಕ್ಕೆ ಒಂದು ಪಟ್ಟಿ, ಬಲಗಡೆಯ ಎರಡಕ್ಕೆ ಇನ್ನೊಂದು ಪಟ್ಟಿ ಮಾಡಿ, ನಡುವೆ ನನ್ನ ಇಸ್ತ್ರಿಪೆಟ್ಟಿಗೆಯ ಬೋಲ್ಟನ್ನು ಜಡಿದ. ಒಂದು ಕಡೆ ಮೇಲೆದ್ದರೆ ಇನ್ನೊಂದು ಕಡೆ ತಾನೇ ತಗ್ಗುವ ಹಾಗಾಯಿತು. ಮೇಕೆಮರಿಯ ತಲೆಯ ಮೇಲಿಟ್ಟರೂ ನಾಲ್ಕೂ ಚಕ್ರ ಅಂಟಿಕೊಂಡಿರುತ್ತಿದ್ದವು.

ಮೇಕೆ ಅಂದೆನಲ್ಲ, ಅದೂ ಒಂದು ಕಥೆಯೇ. ಚಕ್ರ ಜಾರುತ್ತಿತ್ತು. ಸೈಕಲ್ ಟ್ಯೂಬು ಸುತ್ತಿದ, ಜಾರಿತು. ಮರಳುಕಾಗದ ಅಂಟಿಸಿದ, ಕಿತ್ತು ಬಂತು. ಮೇಕೆ ಬಂಡೆಯಲ್ಲಿ ಜಾರದೆ ಹೇಗೆ ನಿಲ್ಲುತ್ತದೆ ಅಂತ ನೋಡಲು ಯಾರದೋ ಮೇಕೆಯನ್ನು ಅಪ್ಪಿ ಹಿಡಿದು ಕಾಲೆತ್ತಿ ಗೊರಸು ನೋಡುತ್ತಿದ್ದಾಗ ಮೇಕೆಯ ಯಜಮಾನಿ ‘ಕಳ್ಳ, ಕಳ್ಳ’ ಅಂತ ಬೊಬ್ಬೆ ಹಾಕಿದಳು. ನಾನು ಹೋಗಿ ಬಿಡಿಸಿಕೊಂಡು ಬರಬೇಕಾಯಿತು. ದಾರಿಯುದ್ದಕ್ಕೂ ಅವನದು ಒಂದೇ ಮಾತು: ‘ಅಣ್ಣ, ಗೊರಸಿನ ಅಂಚು ಗಟ್ಟಿ, ಒಳಗೆ ಮೆತ್ತಗದೆ ಕಣಣ್ಣ. ಮೆತ್ತಗಿರದೇ ಕಲ್ಲ ಕಚ್ಕೊಳದು.’

ಅವನ ಹೆಂಡತಿ ಕುಮಾರಿ ಕೂಲಿ ಕೆಲಸಕ್ಕೆ ಹೊರಟು ನೋಡುತ್ತಾಳೆ, ಹವಾಯಿ ಚಪ್ಪಲಿ ಎರಡರಲ್ಲೂ ದುಂಡಗಿನ ತೂತುಗಳು. ಹಿಮ್ಮಡಿಯಲ್ಲೊಂದು, ಬೆರಳ ಕಡೆಯಲ್ಲೊಂದು. ನೇರ ಅಂಗಡಿಗೆ ಬಂದಳು.

‘ನನ್ನ ಚಪ್ಲಿ ಎಲ್ಲಿ?’

ಪುಟ್ಟಮಾದು ಗಾಡಿಯ ಚಕ್ರ ತೋರಿಸಿದ. ‘ಇಲ್ಲೇ ಅವೆ ಕಣಮ್ಮಿ, ಎಲ್ಲೂ ಓಗಿಲ್ಲ.’

ಆಮೇಲೆ ಅವಳು ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ನಾನು ಮಿಷನ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡೆ. ನನಗೆ ಬೈಯಲು ತೋಚದೆ ಇದ್ದದ್ದನ್ನೂ ಅವಳು ಬೈದಳು.

ಆದರೆ ಗಾಡಿ ಹತ್ತಿತು! ಊರ ಹಿಂದಿನ ಗವಿಗುಡ್ಡದ ಬುಡದಲ್ಲಿ ಬಿಟ್ಟು ತೋರಿಸಿದ. ನೀಲಿ ಚಕ್ರ ಬಂಡೆಯನ್ನು ಮುಟ್ಟಿ, ಒತ್ತಿ, ಒಂದು ಕ್ಷಣ ನಿಂತು, ಆಮೇಲೆ ಮೇಲೇರುತ್ತಿತ್ತು. ಬಂಡೆಯ ಮೇಲಿನ ಓತಿಕ್ಯಾತ ಅದನ್ನು ನೋಡಿ ತಲೆ ಆಡಿಸಿತು. ಪುಟ್ಟಮಾದು ಹೊಟ್ಟೆಯ ಮೇಲೆ ಮಲಗಿ, ಡಬ್ಬಿ ಹಿಡಿದು, ಯಾವ ಕಲ್ಲಿಗೆ ಯಾವ ಚಕ್ರ ಮೊದಲು ಏರುತ್ತದೆ ಅಂತ ನೋಡುತ್ತಾ ಊಟದ ಹೊತ್ತನ್ನೂ ಮರೆತ.

‘ಇದರಿಂದ ಏನ್ಲಾ ಉಪಯೋಗ?’ ಅಂತ ಕೇಳಿದೆ.

‘ಉಪ್ಯೋಗನಾ?’ ಅಂದ. ಆ ಪ್ರಶ್ನೆ ಒಂದನ್ನು ಬಿಟ್ಟು ಜಗತ್ತಿನ ಎಲ್ಲಾ ಪ್ರಶ್ನೆಗಳನ್ನೂ ಕೇಳಿಕೊಂಡವನ ಮುಖ ಅದು.

ಆ ಬೇಸಿಗೆಯಲ್ಲಿ ಚಿಕ್ಕಮಲ್ಲಮ್ಮನವರ ಲಿಂಗ ಬಂಡೆಯ ಸಂದಿಗೆ ಬಿತ್ತು.

ಚಿಕ್ಕಮಲ್ಲಮ್ಮ ನಮ್ಮ ಊರಿನ ದೊಡ್ಡ ಕುಳ ಮರಿಮಲ್ಲಪ್ಪನವರ ತಾಯಿ. ಸೋಮವಾರ ಬಂತೆಂದರೆ ಗವಿಗುಡ್ಡ ಹತ್ತಿ, ಗವಿಯ ಈಶ್ವರನಿಗೆ ಪತ್ರೆ ಏರಿಸಿ, ಅಲ್ಲೇ ತಮ್ಮ ಲಿಂಗಪೂಜೆ ಮಾಡಿಕೊಂಡು, ಆಮೇಲೆಯೇ ಬಾಯಿಗೆ ನೀರು. ಆ ಸೋಮವಾರ ಬಂಡೆಯ ದೊಣೆಯಲ್ಲಿ ನೀರು ತೆಗೆಯಲು ಬಗ್ಗಿದಾಗ ಕೊರಳಿನ ಶಿವದಾರ ಕಿತ್ತುಹೋಯಿತು. ಲಿಂಗ ಇದ್ದ ಬೆಳ್ಳಿಯ ಕರಡಿಗೆ ದಾರದ ಸಮೇತ ಬಂಡೆಯ ಮೇಲೆ ಉರುಳಿ, ಎರಡು ದೊಡ್ಡ ಗುಂಡುಗಳ ನಡುವಿನ ಸಂದಿಗೆ ಇಳಿದುಬಿಟ್ಟಿತು.

ನಾನೂ ಲಿಂಗ ಕಟ್ಟಿದವನೇ. ಹುಟ್ಟಿದಾಗ ಗುರುಗಳು ಕಟ್ಟಿದ್ದು ಮೈಬಿಟ್ಟು ಹೋಯಿತು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮಂಥವರು ಅತ್ತು ಕರೆದು, ಮಠಕ್ಕೆ ಹೋಗಿ ಇನ್ನೊಂದನ್ನು ಕಟ್ಟಿಸಿಕೊಳ್ಳುತ್ತೇವೆ. ಚಿಕ್ಕಮಲ್ಲಮ್ಮ ಹಾಗಲ್ಲ. ಸಂದಿಯ ಮುಂದೆ ಕೂತವರು ಏಳಲೇ ಇಲ್ಲ. ಮಂಗಳವಾರ ಮಠದ ಸ್ವಾಮಿಗಳೇ ಬಂದು, ಬೇರೆ ಲಿಂಗ ಕೊಡುತ್ತೇನೆ ತಾಯಿ, ಇದರಲ್ಲಿ ತಪ್ಪೇನಿಲ್ಲ ಅಂದರು. ‘ಅದು ಅಲ್ಲೇ ಕತ್ಲಲ್ಲಿ ಬಿದ್ದಿರ್ಲಿ, ನಾನು ಇನ್ನೊಂದ ಕಟ್ಕೊಂಡು ಉಣ್ಲಾ ಬುದ್ದಿ? ಎತ್ತ ಮಗ ಬಾವೀಲಿ ಬಿದ್ದದೆ ಅಂತ ಗೊತ್ತಿದ್ದೂ ಇನ್ನೊಂದ ಎತ್ತ್ಕೊಂಡು ಓಗ್ಲಾ?’ ಅಂದರು. ಸ್ವಾಮಿಗಳು ಕಣ್ಣೊರೆಸಿಕೊಂಡು ಗುಡ್ಡ ಇಳಿದರು.

ಲಿಂಗ ಇಲ್ಲದ ಬಾಯಿಗೆ ನೀರೂ ಇಲ್ಲ. ಬೇಸಿಗೆಯ ಬಿಸಿಲು ಬೇರೆ. ಬುಧವಾರ ಬೆಳಗ್ಗೆ ನಾನು ಹೋಗಿ ನೋಡಿದಾಗ ಅವರ ತುಟಿ ಒಡೆದಿತ್ತು, ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಮರಿಮಲ್ಲಪ್ಪನವರು ಊರಲ್ಲಿ ಹುಲಿಯ ಹಾಗೆ ತಿರುಗುವವರು. ಅವ್ವನ ಕಾಲ ಹತ್ತಿರ ಕೂತು ಮಗುವಿನ ಹಾಗೆ ಅಳುತ್ತಿದ್ದರು.

ಏನೇನು ಮಾಡಬೇಕೋ ಎಲ್ಲ ಮಾಡಿಯಾಗಿತ್ತು. ಮೇಲೆ ಗುಂಡುಗಳ ನಡುವೆ ಬೆರಳು ಹೋಗುವಷ್ಟು ಸೀಳು. ಅಲ್ಲಿಂದ ಕಣ್ಣಿಟ್ಟು, ಕನ್ನಡಿಯಲ್ಲಿ ಬಿಸಿಲು ಹಾಯಿಸಿದರೆ ಕೆಳಗೆ ಕರಡಿಗೆ ಹೊಳೆಯುವುದು ಕಾಣುತ್ತಿತ್ತು. ಆದರೆ ಕರಡಿಗೆ ನಿಂಬೆಹಣ್ಣಿನಷ್ಟು ದಪ್ಪ, ಆ ಸೀಳಲ್ಲಿ ಅದು ಮೇಲೆ ಬರುವುದಿಲ್ಲ. ಅಗಲದ ದಾರಿ ಇದ್ದದ್ದು ಪಕ್ಕದಿಂದ. ಅಲ್ಲಿ ಕೈ ಹೋಗುತ್ತದೆ, ತೋಳು ಹೋಗುತ್ತದೆ, ಆಮೇಲೆ ದಾರಿ ಒಂದು ಮೆಟ್ಟಿಲಿನಂತೆ ಮೇಲೆದ್ದು ಎಡಕ್ಕೆ ತಿರುಗಿಬಿಡುತ್ತದೆ. ಬಿದಿರು ತಿರುಗುತ್ತದೆಯೇ? ಮೇಲಿನ ಸೀಳಿನಿಂದ ಯಾರೋ ತಂತಿ ಬಿಟ್ಟು ಕೆದಕಿ, ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ್ದರು. ಅದರ ಹಿಂದೆ ಕಪ್ಪಗೆ ಒಂದು ತೂತು, ತಳ ಕಾಣದ್ದು. ಇನ್ನು ನಾಲ್ಕು ಬೆರಳು ಸರಿದರೆ ಆ ತೂತಿಗೆ ಬೀಳುತ್ತದೆ, ಆಮೇಲೆ ಅಲ್ಲಿಗೆ ಮುಗಿಯಿತು. ಕರಿಕಲ್ಲಿನ ಕ್ವಾರಿಯವರು ಬಂದು, ಸಿಡಿಸಿದರೆ ಒಳಗಿರುವುದೂ ಪುಡಿಯಾಗುತ್ತದೆ ಅಂತ ಹೇಳಿ ಹೋದರು.

ನಾನು ಆ ಸೀಳಿಗೆ ಕಣ್ಣಿಟ್ಟು ಎದ್ದವನು ಯಾರಿಗೂ ಹೇಳದೆ ಗುಡ್ಡ ಇಳಿದೆ. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ತನಕ ಓಡಿದೆ. ‘ಮಾದು, ನಿನ್ನ ಗಾಡಿ ತಗೊಂಡು ಏಳ್ಲಾ!’

ಅವನು ಕೇಳಿದ ಮೊದಲ ಮಾತು ನೋಡಿ: ‘ಒಳಗೆ ಒಣಗದಾ, ಪಾಚಿಗೀಚಿ ಅದಾ?’

ಎರಡನೆಯದು: ‘ಕರಡಿಗೆ ಕಬ್ಣಕ್ಕೆ ಬೆಳ್ಳಿ ಮೆತ್ತಿರದಾ, ಎಲ್ಲಾ ಬೆಳ್ಳೀನಾ?’ ಅವನು ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಕೈಯಲ್ಲಿ ಹಿಡಿದಾಗಿತ್ತು. ಮರಿಮಲ್ಲಪ್ಪನವರ ಮನೆಯ ಕರಡಿಗೆ ಕಣ್ಲಾ, ಅವರ ಎದುರಿಗೆ ಹೋಗಿ ಈ ಮಾತು ಕೇಳೀಯೆ ಅಂತ ಗದರಿದೆ. ಅಯಸ್ಕಾಂತ ಕೆಳಗಿಟ್ಟ. ಬಾವಿಗೆ ಕೊಡ ಬಿದ್ದರೆ ಬಿಡುವ ಪಾತಾಳಗರಡಿಯ ಹಾಗೆ ಒಂದು ಪುಟ್ಟ ಕೊಕ್ಕೆ ಮಾಡಿ, ಶಿವದಾರಕ್ಕೆ ಸಿಕ್ಕಿಸಿ ಎಳೆದರೆ ಬರುತ್ತದೆ ಅಂದ. ಅದು ಸರಿ. ಆದರೆ ಕೊಕ್ಕೆಗೆ ಅಂತ ಅವನು ತೆಗೆದದ್ದೇನು? ಮೀನಿನ ಗಾಳ! ‘ಅಯ್ಯೋ ನಿನ್ನ, ಮೀನಿನ ಗಾಳಾನ ಲಿಂಗದ ಹತ್ತಿರ ತತ್ತೀಯೇನ್ಲಾ?’ ಅಂತ ಕಿತ್ತುಕೊಂಡು ಎಸೆದು, ನನ್ನ ಅಂಗಡಿಯ ದೊಡ್ಡ ಪಿನ್ನುಗಳನ್ನು ಬಗ್ಗಿಸಿ ಕೊಟ್ಟೆ. ಸರಿಯಾದ ಹೊತ್ತಿಗೆ ನನಗೆ ಹೊಳೆಯಿತಲ್ಲ ಅಂತ ನನಗೆ ನನ್ನ ಮೇಲೇ ಹೆಮ್ಮೆ. ಗುಡ್ಡದ ಬುಡದಲ್ಲಿ ಇಬ್ಬರೂ ಭಕ್ತಿಯಿಂದ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಸುಡುವ ಬಂಡೆಯ ಮೇಲೆ ಕುಣಿಯುತ್ತಾ ಹತ್ತಿದೆವು. ಗಾಡಿ ಅವನ ಕಂಕುಳಲ್ಲಿತ್ತು.

ಮರಿಮಲ್ಲಪ್ಪನವರು ಗಾಡಿಯನ್ನು ದಿಟ್ಟಿಸಿದರು. ಹೊಸ ನಂಬಿಕೆ ಒಂದು ಅವರ ಮುಖದಲ್ಲಿ ಬರುತ್ತಿತ್ತು, ಅರ್ಧಕ್ಕೇ ನಿಂತಿತು. ಚಕ್ರದ ಮೇಲೆ, ನೀಲಿ ರಬ್ಬರಿನಲ್ಲಿ, ಸಣ್ಣ ಸಣ್ಣ ಗುಬುಟುಗಳ ಆ ಗೆರೆಗಳು. ಅದನ್ನು ಗುರುತಿಸದ ಮನುಷ್ಯ ಊರಲ್ಲಿ ಯಾರಿದ್ದಾರೆ?

‘ಇದೇನ್ಲಾ ಗಾಲಿ?’

ಪುಟ್ಟಮಾದುವಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದೂ ಅವನ ಒಂದು ಕಾಯಿಲೆಯೇ. ‘ಚಪ್ಲಿ ಅಯ್ಯಾ.’

‘ಚಪ್ಲಿ?’

‘ನಮ್ಮನೆಯವಳ್ದು.’

ಅಲ್ಲಿಗೆ ಬಂಡೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಹಿಂದಿನಿಂದ ಯಾರೋ ಹೊಡೀರಿ ಅವನಿಗೆ ಅಂದರು. ನಾನು ತಲೆ ಚಚ್ಚಿಕೊಂಡೆ. ಗಾಳದ ವಿಷಯ ಹೊಳೆದ ಈ ತಲೆಗೆ ಚಪ್ಪಲಿ ಯಾಕೆ ಹೊಳೆಯಲಿಲ್ಲ? ಆ ಚಕ್ರಗಳನ್ನು ನೋಡಿ ನೋಡಿ ನನಗೆ ಅವು ಚಕ್ರಗಳೇ ಆಗಿಹೋಗಿದ್ದವು.

ಮರಿಮಲ್ಲಪ್ಪನವರು ಸಿಟ್ಟು ನುಂಗಿಕೊಂಡು, ಬೇರೆ ಏನಾದರೂ ಹಾಕಿಕೊಂಡು ಬಿಡು ಅಂದರು. ಪುಟ್ಟಮಾದು ರಬ್ಬರನ್ನು ಕಿತ್ತು, ಯಾರದೋ ಸೈಕಲ್ ಟ್ಯೂಬು ತರಿಸಿ ಸುತ್ತಿ ಬಿಟ್ಟ. ಒಳಗೆ ತಣ್ಣಗೆ ಪಾಚಿ ಇತ್ತು. ಗಾಡಿ ಮೆಟ್ಟಿಲಿಗೆ ಮುಂಗಾಲು ಇಟ್ಟಿತು, ಜಾರಿತು. ಇಟ್ಟಿತು, ಜಾರಿತು. ಅದು ಜಾರಿದಾಗಲೆಲ್ಲ ಮೇಲಿನ ಸೀಳಿನಲ್ಲಿ ಕಣ್ಣಿಟ್ಟಿದ್ದ ನನಗೆ, ಅದರ ಬಡಿತಕ್ಕೆ ಕರಡಿಗೆ ಅಲುಗಿದ ಹಾಗೆ ಕಾಣುತ್ತಿತ್ತು. ಹೊರಗೆ ತೆಗೆಸಿದೆ.

‘ಹೊಸ ಚಪ್ಪಲಿ ತಂದು ಕತ್ತರಿಸೋಣ’ ಅಂತ ನಾನೇ ಅಂದೆ. ‘ಯಾರೂ ಕಾಲು ಹಾಕದೆ ಇರೋದು.’

ಆಹಾ, ಅಲ್ಲಿಂದ ಶುರುವಾದ ಚರ್ಚೆ ಇದೆಯಲ್ಲ! ಕಾಲು ಹಾಕದ ಚಪ್ಪಲಿ ಬರೀ ರಬ್ಬರು ಅಂತ ಒಬ್ಬರು. ಅಂಗಡಿಯಲ್ಲಿ ಚಪ್ಪಲಿ ಅಂತಲೇ ಕೇಳಿ ತರುತ್ತೀರಲ್ಲ, ಮತ್ತೆ ಹೇಗೆ ರಬ್ಬರು ಅಂತ ಇನ್ನೊಬ್ಬರು. ಬಾರು ಹಾಕದೆ ಇದ್ದರೆ ಚಪ್ಪಲಿ ಅಲ್ಲ ಅಂತ ಮತ್ತೊಬ್ಬರು. ಕರಡಿಗೆಯ ಒಳಗೆ ತಾನೇ ಲಿಂಗ ಇರುವುದು, ಚಕ್ರ ತಾಕಿದರೆ ಬೆಳ್ಳಿಗೆ ತಾಕುತ್ತದೆ ಅಂತ ಒಬ್ಬ ಜಾಣ. ನಾನೂ ಗಂಟಲು ಹರಿದುಕೊಂಡೆ. ಪುಟ್ಟಮಾದು ಮಾತ್ರ ಆ ಜಗಳಕ್ಕೆ ಬೆನ್ನು ಹಾಕಿ, ಸಂದಿಯ ಬಾಯಿಗೆ ಕೈ ಹಾಕಿ ಪಾಚಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದ.

‘ಮುಚ್ಚ್ರೋ ಬಾಯಿ.’

ಮೊದಲು ಯಾರು ಅಂದದ್ದು ಅಂತಲೇ ತಿಳಿಯಲಿಲ್ಲ. ಚಿಕ್ಕಮಲ್ಲಮ್ಮ ಸೊಸೆಯ ತೋಳು ಹಿಡಿದು ಎದ್ದು ಕೂತಿದ್ದರು.

‘ಚಪ್ಲಿ ಯಾಕ್ಲಾ ಮೆಟ್ತೀರಿ? ಮುಳ್ಳು ಚುಚ್ಚದೆ ಇರ್ಲಿ ಅಂತ ತಾನೇ? ನನ್ನಪ್ಪ ಅಲ್ಲಿ ಕಲ್ಲುಮುಳ್ಳಲ್ಲಿ ಬಿದ್ದವ್ನೆ. ಅವ್ನ ಕರ್ಕೊಂಡ್ಬರಕ್ಕೆ ಚಪ್ಲಿ ಮೆಟ್ಕೊಂಡೇ ಓಗ್ಲಿ ಬುಡ್ರೋ. ನೀವು ಇಲ್ಲಿ ಕಿತ್ತಾಡ್ಕೊಂಡು ಕೂತಿರಿ, ನಾನು ಅವ್ನ ಮೊಕ ನೋಡ್ದೆ ಸಾಯ್ತೀನಿ.’

ಪುಟ್ಟಮಾದು ಆಗಲೇ ಕುಮಾರಿಯ ಚಪ್ಪಲಿಯನ್ನು ಚಕ್ರಕ್ಕೆ ಏರಿಸಲು ಶುರು ಮಾಡಿದ್ದ.

ಗಾಡಿಯ ಹಿಂದಕ್ಕೆ ಒಂದು ನೈಲಾನ್ ಹುರಿ ಕಟ್ಟಿದ, ಮುಂದಕ್ಕೆ ಪಿನ್ನಿನ ಕೊಕ್ಕೆ. ಕಲ್ಲಿನೊಳಗೆ ರೇಡಿಯೋ ಸಿಗ್ನಲ್ ಸಾಯುತ್ತದೆ ಅಂತ ಹುರಿಯ ಜೊತೆಗೇ ಒಂದು ಏರಿಯಲ್ ತಂತಿಯನ್ನೂ ಬಿಟ್ಟ. ನಾನು ಮೇಲೆ, ಬಂಡೆಯ ಮೇಲೆ ಬೋರಲು ಮಲಗಿ, ಅಂಗಡಿಯಿಂದ ತಂದ ಕನ್ನಡಿಯಿಂದ ಸೀಳಿಗೆ ಬಿಸಿಲು ಹಾಯಿಸುತ್ತಾ ಅವನ ಕಣ್ಣಾದೆ. ಹೊಟ್ಟೆ ಸುಟ್ಟು ಹಪ್ಪಳವಾಗುತ್ತಿತ್ತು.

ಗಾಡಿ ಒಳಗೆ ಹೋಯಿತು. ಮೊದಲು ಬರೀ ಸದ್ದು, ಫ್ಯಾನಿನ ಕತ್ತಿನ ಆ ಕಿರಕಿರ. ಆಮೇಲೆ ನೀಲಿ ಚಕ್ರವೊಂದು ಮೆಟ್ಟಿಲಿನ ಅಂಚಿನಲ್ಲಿ ಕಂಡಿತು. ನಿಂತಿತು. ಹಿಂದಕ್ಕೆ ಜಾರಿತೇ? ಇಲ್ಲ, ಕಚ್ಚಿಕೊಂಡಿತ್ತು. ಎಡಗಡೆ ಏರಿತು, ಬಲಗಡೆ ತಗ್ಗಿತು, ಆಮೇಲೆ ಬಲಗಡೆಯೂ ಏರಿತು.

‘ಹತ್ತಿತು ಕಣ್ಲಾ!’ ಅಂತ ಕಿರುಚಿದೆ. ‘ಎಡಕ್ಕೆ! ಎಡಕ್ಕೆ ತಿರುಗಿಸು! ಸಾಕು, ಸಾಕು ಅಂದೆನಲ್ಲ, ಕಿವಿ ಇಲ್ವಾ ನಿನಗೆ!’

‘ಇನ್ನೆಷ್ಟದೆ ಅಣ್ಣ?’

‘ಒಂದು ಗೇಣು. ಮೆಲ್ಲಗೆ. ಮೆಲ್ಲಗೆ ಕಣೋ ಮಾರಾಯ.’

ಅದು ಮೆಲ್ಲಗೇ ಹೋಗುತ್ತಿತ್ತು. ಅದಕ್ಕೆ ಬೇರೆ ನಡಿಗೆ ಗೊತ್ತೇ ಇರಲಿಲ್ಲ. ಕಾಜ ಹೊಲಿಯುವಾಗ ಆ ನಿಧಾನವನ್ನು ನೋಡಿ ನಾನು ಎಷ್ಟು ನಕ್ಕಿದ್ದೆ! ಈಗ ಅದು ಇನ್ನೂ ನಿಧಾನವಾಗಲಿ ಶಿವನೇ ಅಂತ ಬೇಡಿಕೊಂಡೆ. ಕೊಕ್ಕೆ ಕರಡಿಗೆಯನ್ನು ದಾಟಿತು, ಶಿವದಾರದ ಮೇಲೆ ಬಂತು. ಹಿಂದಕ್ಕೆ ತಗೋ ಅಂದೆ. ದಾರ ಕೊಕ್ಕೆಗೆ ಸಿಕ್ಕಲಿಲ್ಲ, ಚಕ್ರಕ್ಕೆ ಸಿಕ್ಕಿತು. ಚಕ್ರ ತಿರುಗಿದ ಹಾಗೆ ದಾರ ಅದರ ಅಚ್ಚಿಗೆ ಸುತ್ತಿಕೊಳ್ಳುತ್ತಾ ಹೋಯಿತು. ಕರಡಿಗೆ ಕಪ್ಪು ತೂತಿನ ಅಂಚಿನಲ್ಲಿ ಒಮ್ಮೆ ಹೊರಳಿತು. ನಾನು ಕಣ್ಣು ಮುಚ್ಚಿಬಿಟ್ಟೆ.

ಕಣ್ಣು ತೆರೆದಾಗ ಕರಡಿಗೆ ಚಕ್ರಕ್ಕೆ ಒತ್ತಿಕೊಂಡು ನಿಂತಿತ್ತು. ಗಾಡಿ ಅಲುಗುತ್ತಿರಲಿಲ್ಲ.

‘ಸುತ್ತಿಕೊಂಡಿದೆ ಕಣ್ಲಾ. ಚಕ್ರಕ್ಕೆ ಸುತ್ತಿಕೊಂಡಿದೆ. ಮುಂದಕ್ಕೆ ಬಿಟ್ಟರೆ ಬಿಚ್ಚಿಕೊಂಡು ಬೀಳುತ್ತೆ!’

ಪುಟ್ಟಮಾದು ಡಬ್ಬಿಯನ್ನು ಕೆಳಗಿಟ್ಟ. ನೈಲಾನ್ ಹುರಿಯನ್ನು ಎರಡು ಕೈಯಲ್ಲೂ ಹಿಡಿದು ಎಳೆಯತೊಡಗಿದ. ಚಕ್ರಗಳು ಬಿಗಿದುಹೋಗಿದ್ದವು. ಮೆಟ್ಟಿಲಿನಲ್ಲಿ ಗಾಡಿ ಮಗುಚಿ ಬಿತ್ತು. ಒಳಗೆ ಏನೋ ಮುರಿದ ಸದ್ದು ಬಂತು. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಹುರಿ ಎಳೆಯುವ ಕೈ ಮಾತ್ರ ಕಾಣುತ್ತಿತ್ತು. ಅದು ನಿಲ್ಲಲೂ ಇಲ್ಲ, ಅವಸರ ಮಾಡಲೂ ಇಲ್ಲ.

ಗಾಡಿ ಹಿಂಗಾಲು ಮುಂದಾಗಿ, ಬೆನ್ನಡಿಯಾಗಿ ಹೊರಗೆ ಬಂತು. ಒಂದು ಫ್ಯಾನಿನ ಕತ್ತು ಕಿತ್ತು ನೇತಾಡುತ್ತಿತ್ತು. ಮುಂದಿನ ಎಡ ಚಕ್ರದ ಅಚ್ಚಿಗೆ ಶಿವದಾರ ಬಿಗಿಯಾಗಿ ಸುತ್ತಿತ್ತು, ಅದರ ತುದಿಯಲ್ಲಿ ಬಾಯಿ ಬಿಡದ ಬೆಳ್ಳಿಯ ಕರಡಿಗೆ. ಹೆಂಗಸರು ಗೋಳೋ ಅಂತ ಅತ್ತುಬಿಟ್ಟರು. ನಾನು ಬಂಡೆಯಿಂದ ಇಳಿದು ಓಡಿ ಬಂದೆ, ಕನ್ನಡಿ ಎಲ್ಲಿ ಬಿತ್ತೋ ನೋಡಲಿಲ್ಲ.

ಪುಟ್ಟಮಾದು ಮರಿಮಲ್ಲಪ್ಪನವರ ಮನೆಯ ರೇಡಿಯೋವನ್ನು ಎಷ್ಟೋ ಸಲ ರಿಪೇರಿ ಮಾಡಿ ಕೊಟ್ಟಿದ್ದಾನೆ. ಜಗಲಿಯ ಅಂಚಿನಲ್ಲಿಟ್ಟು ಅವನು ಹಿಂದೆ ಸರಿಯುತ್ತಿದ್ದ, ಒಳಗಿನವರು ಬಂದು ಎತ್ತಿಕೊಳ್ಳುತ್ತಿದ್ದರು. ಕೈಯಿಂದ ಕೈಗೆ ಕೊಟ್ಟದ್ದಿಲ್ಲ, ನಮ್ಮ ಊರಲ್ಲಿ ಅದು ಹಾಗೆಯೇ ನಡೆದು ಬಂದಿತ್ತು. ಈಗಲೂ ಅವನು ಗಾಡಿಯನ್ನು ಚಿಕ್ಕಮಲ್ಲಮ್ಮನವರ ಮುಂದೆ ಬಂಡೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ.

ಚಿಕ್ಕಮಲ್ಲಮ್ಮ ದಾರಕ್ಕೆ ಕೈ ಹಾಕಿದರು. ಗಂಟು ಸಿಗಲಿಲ್ಲ. ‘ತಡೀ ಅವ್ವಾ, ನಾನು ಬುಚ್ತೀನಿ’ ಅಂತ ಮರಿಮಲ್ಲಪ್ಪನವರು ಬಗ್ಗಿದರು. ಎಳೆದರು, ಇನ್ನಷ್ಟು ಬಿಗಿಯಿತು. ಕತ್ತರಿ ತನ್ನಿ ಅಂತ ಯಾರೋ ಅಂದರು.

‘ಕತ್ತರಿ ಬ್ಯಾಡ. ಮಾದು, ನೀನೇ ಬುಚ್ಚು.’

ಪುಟ್ಟಮಾದು ನಿಂತಲ್ಲೇ ನಿಂತ. ಮರಿಮಲ್ಲಪ್ಪನವರ ಮುಖ ನೋಡಿದ, ನನ್ನ ಮುಖ ನೋಡಿದ. ‘ನಾನಾ ಅವ್ವಾ? ಮುಟ್ಬೇಕಾಯ್ತದೆ.’

‘ಅಲ್ಲಿಂದ ಇಲ್ಲಿಗಂಟ ತಂದೋನು ಯಾರ್ಲಾ? ಇನ್ನೆರಡು ಗೇಣು ತಂದ್ಕೊಡು, ಅದಕ್ಯಾಕೆ ಇನ್ನೊಬ್ರ ಕೈ?’

ಅವನು ಬಂದು ಮಂಡಿಯೂರಿ ಕೂತ. ದಾರವನ್ನು ಎಳೆಯಲಿಲ್ಲ. ಹಲ್ಲುಚಕ್ರವನ್ನು ಬೆರಳಲ್ಲಿ ಎದುರು ದಿಕ್ಕಿಗೆ ತಿರುಗಿಸಿದ. ಅದು ತಿರುಗಿದಷ್ಟೂ ದಾರ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಾ ಬಂತು. ಬಂಡೆಯ ಮೇಲಿದ್ದವರೆಲ್ಲ ಅದನ್ನೇ ನೋಡುತ್ತಾ ನಿಂತಿದ್ದರು. ಕೊನೆಯ ಸುತ್ತು ಬಿಚ್ಚಿದಾಗ ಕರಡಿಗೆ ಅವನ ಅಂಗೈಗೆ ಉರುಳಿತು. ಆ ಕೈಯಲ್ಲಿ ಗ್ರೀಸಿನ ಕರೆ, ಪಾಚಿ, ಹುರಿ ಕೊಯ್ದ ಗೆರೆ ಎಲ್ಲ ಇದ್ದವು. ಎಲ್ಲಿಡಬೇಕು ಅಂತ ಅವನು ಬಂಡೆಯ ಮೇಲೆ ಜಾಗ ಹುಡುಕಿದ.

ಚಿಕ್ಕಮಲ್ಲಮ್ಮ ಎರಡೂ ಕೈ ಚಾಚಿದರು. ಅವನು ಅಲ್ಲಿಟ್ಟ. ಅವರು ಕರಡಿಗೆಯ ಜೊತೆಗೆ ಅವನ ಕೈಯನ್ನೂ ಸೇರಿಸಿ ಹಿಡಿದುಕೊಂಡು, ಹಾಗೇ ಕಣ್ಣಿಗೊತ್ತಿಕೊಂಡು ಅತ್ತರು. ಪುಟ್ಟಮಾದು ಕೈ ಬಿಡಿಸಿಕೊಳ್ಳಲು ಹೋಗಲಿಲ್ಲ.